ಎರಡನೆಯ ಸಲ ಇಳಿಸಿದ ಪೆಟ್ಟಿಗೆ

ಘೋಡಗೇರಿಯ ಗಂಗವ್ವನಿಗೆ ನಾನು ಸುಳ್ಳು ಹೇಳಿದೆ. ಮಗನ ಶವಪೆಟ್ಟಿಗೆ ಆಕೆಯ ಎದುರಿಗಿದ್ದಾಗ, ಕಾಯ್ದೆಯ ಹೆಸರು ಹಿಡಿದು, ಸುಳ್ಳು ಹೇಳಿದೆ. ಒಂಬತ್ತು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡು ಬಂದೆ.

ಅದು ಹೊರಗೆ ಬಿದ್ದದ್ದು ಇಂದು — ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ದಡ್ಡಿಯಲ್ಲಿ. ಹಾಜರಿದ್ದವರು: ಗಡಿಯಲ್ಲಿ ತೀರಿಕೊಂಡ ಆ ಊರಿನ ಹುಡುಗನ ತಾಯಿ ಶಾಂತವ್ವ, ಆಕೆಗೆ ಧೈರ್ಯ ಹೇಳಲು ಬಂದಿದ್ದ ಗಂಗವ್ವ, ನಾಲ್ಕು ಕ್ಯಾಮೆರಾಗಳವರು, ಮಾಜಿ ಸೈನಿಕರ ಸಂಘದ ಹನ್ನೊಂದು ಜನ, ಮತ್ತು ನಾನು. ಊರಿನವರನ್ನು ಎಣಿಸಲಿಲ್ಲ.

ನಾನು ಮೂಡಲಗಿಯವನು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ, ಅದರಲ್ಲಿ ಹದಿಮೂರು ವರ್ಷ ಹೊಸ ಹುಡುಗರಿಗೆ ಡ್ರಿಲ್ ಕಲಿಸುವ ಉಸ್ತಾದನಾಗಿದ್ದೆ. ಸುಬೇದಾರನಾಗಿ ನಿವೃತ್ತನಾದೆ. ಈಗಲೂ ನಾಲ್ಕೂವರೆಗೆ ಏಳುತ್ತೇನೆ. ಬೂಟಿಗೆ ಪಾಲಿಶ್ ಆಗಬೇಕು, ಕರವಸ್ತ್ರ ಇಸ್ತ್ರಿಯಾಗಿ ನಾಲ್ಕು ಮಡಿಕೆಯಲ್ಲಿ ಎಡ ಕಿಸೆಯಲ್ಲಿರಬೇಕು, ಮಲಗುವ ಮುಂಚೆ ಡೈರಿ ಬರೆದಿರಬೇಕು. ನನ್ನ ಹೆಂಡತಿ ನೀಲವ್ವ ಹಂಗಿಸುತ್ತಿದ್ದಳು: "ನಿಮ್ಮ ಮುಂದ ಸತ್ತವರೂ ಸಾವಧಾನ್ ನಿಂದರಬೇಕು ನೋಡ್ರಿ." ನಾನು ನಗುತ್ತಿದ್ದೆ. ಅದು ಹಾಸ್ಯವೆಂದೇ ತಿಳಿದಿದ್ದೆ.

ನೀವು ಆ ಚಿತ್ರವನ್ನು ನೋಡಿರುತ್ತೀರಿ. ನೋಡದವರಿಗೆ ಹೇಳುತ್ತೇನೆ — ಧ್ವಜ ಹೊದಿಸಿದ ಪೆಟ್ಟಿಗೆ ಆರು ಜನರ ಹೆಗಲ ಮೇಲೆ ವಾಹನದಿಂದ ಇಳಿಯುತ್ತಿದೆ. ಮೂರು ಮಾರು ದೂರದಲ್ಲಿ ಒಬ್ಬ ತಾಯಿ ನೆಟ್ಟಗೆ ನಿಂತಿದ್ದಾಳೆ. ಎರಡೂ ಕೈ ಸೆರಗಿನೊಳಗೆ. ಕಣ್ಣುಗಳು ಒಣಗಿವೆ. ಅಂದು ಸಂಜೆ ಟಿವಿಯಲ್ಲಿ, ಮರುದಿನ ಪತ್ರಿಕೆಗಳಲ್ಲಿ, ಆಮೇಲೆ ಎಲ್ಲರ ಫೋನುಗಳಲ್ಲಿ: 'ಕಣ್ಣೀರು ಹಾಕದ ವೀರಮಾತೆ.' ಆ ತಾಯಿಯೇ ಗಂಗವ್ವ. ಪೆಟ್ಟಿಗೆಯಲ್ಲಿದ್ದವನು ಆಕೆಯ ಮಗ ಬಸವರಾಜ, ಇಪ್ಪತ್ತಾರು ವರ್ಷದವನು.

ಅದು ಎರಡನೆಯ ಸಲ ಇಳಿಸಿದಾಗ ತೆಗೆದ ಚಿತ್ರ. ಮೊದಲನೆಯ ಸಲದ ಚಿತ್ರವಿಲ್ಲ. ಆ ಮೊದಲನೆಯ ಸಲವನ್ನೇ ಇಲ್ಲದಂತೆ ಮಾಡಿದವನು ನಾನು.

ಮೊದಲನೆಯ ಸಲ ಆದದ್ದು ಇಷ್ಟು. ಸೇನೆಯ ವಾಹನ ಊರಿಗೆ ಬಂತು. ಊರೊಳಗೆ ಹೆಗಲು ಕೊಡುವ ಗೌರವ ನಮ್ಮ ಸಂಘದ ಆರು ಜನರಿಗೆ ಸಿಕ್ಕಿತ್ತು. ಪೆಟ್ಟಿಗೆ ಇಳಿಸಿ ಮನೆಯ ಮುಂದಿನ ಮಂಚದ ಮೇಲಿಟ್ಟೆವು. ಗಂಗವ್ವ ಓಡಿ ಬರಲಿಲ್ಲ, ನಡೆದು ಬಂದಳು. ನನ್ನ ಹತ್ತಿರ ನಿಂತು ಕೇಳಿದಳು, "ತಲಿ ಯಾ ಕಡೆ ಐತ್ರಿ?"

ತೋರಿಸಿದೆ.

ನಮ್ಮಲ್ಲಿ ಸತ್ತವರನ್ನು ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡುತ್ತಾರೆ. ಬಸವರಾಜ ಸಿಡಿಮದ್ದಿಗೆ ಸಿಕ್ಕಿದ್ದ. ಪೆಟ್ಟಿಗೆ ತೆರೆಯಬಾರದೆಂಬ ಆದೇಶವಿತ್ತು. ಆ ಆದೇಶ ನಿಜ. ಹಾಗಾಗಿ ಮೀಯಿಸುವಂತಿಲ್ಲ, ಮುಖ ನೋಡುವಂತಿಲ್ಲ, ಕೂಡಿಸುವಂತಿಲ್ಲ. ಆಕೆಗೆ ಉಳಿದಿದ್ದು ಒಂದೇ ಕೆಲಸ. ಧ್ವಜದ ಅಂಚನ್ನು ಒಂದು ಗೇಣಿನಷ್ಟು ಸರಿಸಿದಳು — ಎಷ್ಟು ಹುಷಾರಾಗಿ! — ತಲೆಯ ಕಡೆಯ ಹಲಗೆಯ ಮೇಲೆ ವಿಭೂತಿಯ ಮೂರು ಬೆರಳು ಎಳೆದಳು. ಆಮೇಲೆ ಅಲ್ಲೇ ಕೆನ್ನೆಯಿಟ್ಟು ಅತ್ತಳು. ಹಲಗೆಗೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದಳು. ಏನೆಂದು ನನಗೆ ಕೇಳಿಸಲಿಲ್ಲ.

ಆಗ ಒಬ್ಬ ಟಿವಿ ವರದಿಗಾರ ಬೆವರುತ್ತ ಬಂದ. ಕೆಟ್ಟ ಹುಡುಗನೇನಲ್ಲ. "ರೈಲ್ವೆ ಗೇಟಿನ್ಯಾಗ ಸಿಕ್ಕೊಂಡ್ವಿರಿ ಸಾಹೇಬ್ರ, ಎಲ್ಲಾರೂ ಅಲ್ಲೇ ನಿಂತಿದ್ವಿ. ಇಳಸೂದು ಸಿಗಲೇ ಇಲ್ಲ." ಅವನು ಹೇಳಿದ್ದು ಅಷ್ಟೇ. ಮತ್ತೊಮ್ಮೆ ಇಳಿಸಿರಿ ಎಂದು ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ.

ನಾನು ಸುತ್ತ ನೋಡಿದೆ. ಜನ ಮುಗಿಬಿದ್ದಿದ್ದರು. ಧ್ವಜ ಓರೆಯಾಗಿತ್ತು. ಮಂಚದ ಒಂದು ಕಾಲು ಗಟಾರದ ಕಲ್ಲಿನ ಮೇಲಿತ್ತು. ಇದನ್ನು ನಾಡು ನೋಡಬೇಕೆ? — ಹೀಗೆಯೇ ಯೋಚಿಸಿದೆ, ಈಗಲೂ ಆ ಮಾತು ಕಿವಿಯಲ್ಲಿದೆ. ಸೈನಿಕನೊಬ್ಬ ಮನೆಗೆ ಬಂದದ್ದು ಹೀಗೆ ಅಸ್ತವ್ಯಸ್ತವಾಗಿ ತೋರಬಾರದು. ಜತೆಗೆ ಬಂದಿದ್ದ ಸೇನೆಯ ಅಧಿಕಾರಿ ಓಣಿಯ ತುದಿಯಲ್ಲಿ ಕಾಗದಪತ್ರ ನೋಡುತ್ತಿದ್ದರು. ಬೆನ್ನು ನಮ್ಮ ಕಡೆಗಿತ್ತು. ಅವರನ್ನೂ ಕೇಳಲಿಲ್ಲ.

ಡ್ರಿಲ್ಲಿನಲ್ಲಿ ಒಂದು ಹುಕುಂ ಇದೆ. ಹೆಜ್ಜೆ ತಪ್ಪಿದರೆ 'ಜೈಸೆ ಥೆ' ಎನ್ನುತ್ತೇವೆ. ಮಾಡಿದ್ದನ್ನು ಬಿಟ್ಟು ಎಲ್ಲರೂ ಮೊದಲಿನ ಜಾಗಕ್ಕೆ ಹೋಗಬೇಕು, ಪುನಃ ಮಾಡಬೇಕು. ಹದಿಮೂರು ವರ್ಷ ದಿನಕ್ಕೆ ನೂರು ಸಲ ಕೂಗಿದ ಹುಕುಂ. ಆ ಆರು ಜನರಿಗೂ ಅದನ್ನೇ ಕೂಗಿದೆ.

ಐದು ಜನ ಹೆಗಲು ಕೊಟ್ಟರು. ಆರನೆಯವನು ಹವಾಲ್ದಾರ ಭೀಮಪ್ಪ, ಕಲ್ಲೋಳಿಯವನು. ಮೆಲ್ಲಗೆ ಹೇಳಿದ: "ಉಸ್ತಾದ, ಇದು ಪರೇಡ್ ಅಲ್ಲರಿ."

"ಎತ್ತು," ಅಂದೆ.

ಎತ್ತಿದ. ಅಂದಿನಿಂದ ಇಂದಿನವರೆಗೆ ಭೀಮಪ್ಪ ಸಂಘದ ಹೊಸ್ತಿಲು ತುಳಿದಿಲ್ಲ.

ಗಂಗವ್ವನ ಕೈ ಪೆಟ್ಟಿಗೆಯ ಮೇಲಿತ್ತು. ನಾನೇ ಬಿಡಿಸಿದೆ. "ಯಾಕ್ರಿ? ಎಲ್ಲಿಗೆ ಒಯ್ಯಾಕತ್ತೀರಿ?" ಎಂದಳು. ಆಗ ಹೇಳಿದೆ — ತಡವರಿಸದೆ, ಹುಕುಂ ಕೊಡುವ ದನಿಯಲ್ಲೇ:

"ಸಲಾಮಿ ಆಗೂದಕ್ಕ ಮೊದಲ ಪೆಟ್ಟಿಗಿ ಮುಟ್ಟಬಾರದ್ರಿ ತಾಯಿ. ಕಾಯ್ದೆ ಐತಿ. ನೀವು ಮುಟ್ಟಿದ್ರಿ. ಇನ್ನೊಮ್ಮೆ ಇಳಸಬೇಕು."

ಅಂಥ ಕಾಯ್ದೆ ಯಾವ ಪುಸ್ತಕದಲ್ಲೂ ಇಲ್ಲ.

ವಾಹನದೊಳಗೆ ಧ್ವಜವನ್ನು ಸರಿಯಾಗಿ ಹಾಸಬೇಕಿತ್ತು. ಮಡಚಿದಾಗ ವಿಭೂತಿ ಕಂಡಿತು. ಬಟ್ಟೆಗೆ ಹತ್ತೀತು, ಕ್ಯಾಮೆರಾದಲ್ಲಿ ಕಲೆಯಂತೆ ಕಂಡೀತು — ಕಿಸೆಯಿಂದ ಕರವಸ್ತ್ರ ತೆಗೆದು ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ. ಹಲಗೆ ಹಸಿಯಾಗಿತ್ತು, ಆಕೆ ಅತ್ತ ಜಾಗ. ಒತ್ತಿ ಒರೆಸಿದೆ.

ಎರಡನೆಯ ಸಲ ಎಲ್ಲವೂ ಸರಿಯಾಯಿತು. ಹೆಜ್ಜೆ ಕೂಡಿತು. ಧ್ವಜದ ಅಂಚು ನೂಲು ಹಿಡಿದಂತಿತ್ತು. ಗಂಗವ್ವ ದೂರ ನಿಂತಳು, ಮತ್ತೆ ತಪ್ಪಿ ತಾಗೀತೆಂದು ಕೈ ಸೆರಗಿನೊಳಗೆ ಕಟ್ಟಿಕೊಂಡು. ನಾಡು ಧೈರ್ಯವೆಂದು ನೋಡಿದ್ದು ಆ ಹೆದರಿಕೆಯನ್ನು. ಸಲಾಮಿಯಾದ ಮೇಲೂ ಆಕೆ ಹತ್ತಿರ ಬರಲಿಲ್ಲ, ನಾನೂ ಕರೆಯಲಿಲ್ಲ. ಆ ದಿನದ ಡೈರಿಯಲ್ಲಿ ಬರೆದೆ: 'ಕಾರ್ಯಕ್ರಮ ಕ್ರಮಬದ್ಧವಾಗಿ ಮುಗಿಯಿತು.'

ಆಮೇಲೆ ಆ ಚಿತ್ರಕ್ಕೆ ನಾನು ವಕೀಲನಾದೆ. ಗೋಕಾಕದ ಕಾಲೇಜೊಂದರಲ್ಲಿ ಚರ್ಚೆ ಇಟ್ಟಿದ್ದರು — ಹುತಾತ್ಮರ ಪಾರ್ಥಿವ ಶರೀರ ಮನೆಗೆ ಬರುವುದನ್ನು ಮಾಧ್ಯಮಗಳು ತೋರಿಸಬೇಕೆ, ಬೇಡವೆ ಎಂದು. ತೋರಿಸಬೇಕು ಎಂದೆ. ಜನ ಸತ್ಯ ನೋಡಲಿ, ಗಡಿಯ ಬೆಲೆ ಏನೆಂದು ತಿಳಿಯಲಿ ಎಂದೆ. ಚಪ್ಪಾಳೆ ಬಿತ್ತು. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು, "ಆ ಅಮ್ಮನ್ನ ಯಾರರ ಕೇಳಿದ್ರೇನ್ರಿ ಸರ್?" ಪ್ರಶ್ನೆ ವಿಷಯಕ್ಕೆ ಹೊರತಾದುದು ಎಂದು ಅವಳನ್ನು ಕೂರಿಸಿದೆ. ಅದೇ ಚಿತ್ರವನ್ನು ದೊಡ್ಡದು ಮಾಡಿಸಿ ಸಂಘದ ಗೋಡೆಗೆ ಹಾಕಿದೆ. ವರ್ಷಕ್ಕೊಮ್ಮೆ ಮಾಲೆ ಹಾಕಲು ಗಂಗವ್ವನನ್ನು ಕರೆಸುತ್ತಿದ್ದೆ. ಆಕೆ ಮಾಲೆಯನ್ನು ಮಗಳು ಶೋಭಾಳ ಕೈಯಲ್ಲಿ ಕೊಟ್ಟು, ತಾನು ಹಿಂದೆ ಸರಿದು ನಿಲ್ಲುತ್ತಿದ್ದಳು. ಸಂಕೋಚ ಅಂದುಕೊಂಡೆ. ಅಂದುಕೊಂಡೆ ಎಂದು ಬರೆಯುವುದೂ ಪೂರ್ತಿ ನಿಜವಲ್ಲ — ಯೋಚಿಸದಿರಲು ಅದು ಅನುಕೂಲವಾಗಿತ್ತು.

ಇನ್ನು ಇಂದಿನದು.

ದಡ್ಡಿಯ ವ್ಯವಸ್ಥೆಗೂ ನನ್ನನ್ನೇ ಕರೆದಿದ್ದರು. ಬೆಳಿಗ್ಗೆ ಏಳಕ್ಕೇ ಹೋಗಿ ಸುಣ್ಣದ ಗೆರೆ ಹಾಕಿಸಿದ್ದೆ. ಕ್ಯಾಮೆರಾದವರು ಗೆರೆಯ ಆಚೆ, ಮನೆಯವರು ಈಚೆ. ಪೆಟ್ಟಿಗೆ ಇಳಿಯಿತು. ಶಾಂತವ್ವ ಮುಂದೆ ಹೆಜ್ಜೆ ಇಟ್ಟಳು. ಪಕ್ಕದಲ್ಲಿದ್ದ ಗಂಗವ್ವ ಆಕೆಯ ಎರಡೂ ಮುಂಗೈ ಹಿಡಿದುಕೊಂಡಳು. ನಾನು ಒಂದು ಮಾರು ದೂರದಲ್ಲಿದ್ದೆ. ಒಂದೊಂದು ಅಕ್ಷರವೂ ಕೇಳಿಸಿತು.

"ಮುಟ್ಟಬ್ಯಾಡ ತಂಗಿ. ತಡಕೋ. ನಾ ಮುಟ್ಟಿ ಕಾಯ್ದೆ ಕೆಡಿಸಿದ್ನಿ. ನನ್ನ ಮಗನ್ನ ಎರಡ ಸಲ ಇಳಸಬೇಕಾತು, ಪಾಪ, ಅವರಿಗೆ."

ಪಾಪ, ಅವರಿಗೆ. ನಮಗೆ!

ಶಾಂತವ್ವ ನಿಂತೇಬಿಟ್ಟಳು. ಕೈ ಸೆರಗಿನೊಳಗೆ ಹೋಯಿತು. ಥೇಟ್ ಅದೇ ಚಿತ್ರ. ಕ್ಯಾಮೆರಾಗಳು ಆ ಕಡೆ ತಿರುಗಿದವು.

ಸುಮ್ಮನಿದ್ದಿದ್ದರೆ ನನ್ನ ಸುಳ್ಳು ಉಳಿಯುತ್ತಿತ್ತು. ಸುಮ್ಮನೆಯೇ ಇದ್ದೆ — ಎಷ್ಟು ಹೊತ್ತು ಎಂದು ಹೇಳಲಾರೆ, ಗಡಿಯಾರ ನೋಡಲಿಲ್ಲ. ಅಷ್ಟರಲ್ಲಿ ಹೆಗಲು ಕೊಟ್ಟವರು ಎರಡು ಹೆಜ್ಜೆ ಮುಂದೆ ಹೋಗಿದ್ದರು. ಆಮೇಲೆ ಬಾಯಿ ಬಿಟ್ಟೆ.

"ಮುಟ್ರಿ ತಾಯಿ. ಹಂಥಾ ಕಾಯ್ದೆ ಇಲ್ಲ."

ಹೆಗಲು ಕೊಟ್ಟವರು ಪೆಟ್ಟಿಗೆಯನ್ನು ಕೆಳಗಿಟ್ಟರು. ಶಾಂತವ್ವ ಅದರ ಮೇಲೆ ಬಿದ್ದಳು. ಗಂಗವ್ವ ಆ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಆವಾಗ ಇತ್ತೇನ್ರಿ?"

"ಆವಾಗೂ ಇರಲಿಲ್ಲ."

ಕ್ಯಾಮೆರಾಗಳು ಸುಣ್ಣದ ಗೆರೆ ದಾಟಿ ಶಾಂತವ್ವನನ್ನು ಸುತ್ತುವರಿದವು. ಇದನ್ನು ತೋರಿಸಬೇಕೋ ಬೇಡವೋ ಎಂದು ಆ ತಾಯಿಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ತಡೆಯಲೂ ಇಲ್ಲ. ಗೋಕಾಕದ ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವೂ ಇದೇ — ಯಾರೂ ಕೇಳಿರಲಿಲ್ಲ. ತೋರಿಸುವವರು ಸತ್ಯ ತೋರಿಸುತ್ತಾರೆ ಎಂದು ಇನ್ನು ಯಾವ ವೇದಿಕೆಯ ಮೇಲೂ ಹೇಳಲಾರೆ. ಅವರ ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಅದರ ಮುಂದೆ ಸುಳ್ಳನ್ನು ನಿಲ್ಲಿಸಿದವನು ನಾನು.

ಮಧ್ಯಾಹ್ನ ಮೂರಕ್ಕೆ ಘೋಡಗೇರಿಗೆ ಹೋದೆ. ಗಂಗವ್ವ ಅದಾಗಲೇ ಮನೆ ಸೇರಿದ್ದಳು. ಶೋಭಾ ಚಹಾ ತಂದಿಟ್ಟಳು. ಕೂಡದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ರೈಲ್ವೆ ಗೇಟು, ಹುಕುಂ, ಧ್ವಜ, ಕರವಸ್ತ್ರ. ವಿಭೂತಿಯ ಮಾತು ಬಂದಾಗ ಗಂಗವ್ವ ತಲೆಯೆತ್ತಿದಳು. ಅದು ಆಕೆಗೆ ಗೊತ್ತಿರಲಿಲ್ಲ. ವಿಭೂತಿ ಮಗನ ಜತೆ ಮಣ್ಣಿಗೆ ಹೋಯಿತು ಎಂದೇ ಒಂಬತ್ತು ವರ್ಷ ನಂಬಿದ್ದಳು.

"ಒರಿಸಿದ ಅರವಿ ಎಲ್ಲಿ ಐತ್ರಿ?"

"ಒಗದ್ನಿ."

"ಯಾವಾಗ?"

"ಅವತ್ತ ಸಂಜಿಗೆ."

ಅದು ಹಾಗೆಯೇ ಆಗಿತ್ತು. ಮನೆಗೆ ಬಂದು, ದಿನದ ರೂಢಿಯಂತೆ, ಸಾಬೂನು ಹಚ್ಚಿ ಒಗೆದು ಹರವಿದ್ದೆ. ಮರುದಿನ ಇಸ್ತ್ರಿ ಮಾಡಿ ಅದೇ ಕಿಸೆಯಲ್ಲಿಟ್ಟುಕೊಂಡಿದ್ದೆ.

ಗಂಗವ್ವ ಅಂದಳು, "ಒಂಬತ್ತ ವರ್ಷ ನಾ ಅವನ ಫೋಟೋಕ್ಕ ಸೈತ ಕೈ ಹಚ್ಚಿಲ್ರಿ." ನನಗೆ ಹೇಳಿದ್ದಲ್ಲ ಅದು. ತನ್ನ ಕೈಗಳನ್ನು ನೋಡಿಕೊಂಡು ಹೇಳಿದಳು.

ಶೋಭಾ ಕುಡಿಯದ ಚಹಾದ ಕಪ್ಪನ್ನು ಎತ್ತಿಕೊಂಡಳು. "ನೀವಿನ್ನ ಹೋಗ್ರಿ, ಕಾಕಾ."

ಬಂದೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ಹೊರೆಯೂ ಆಕೆಯ ಮೇಲೆಯೇ ಬೀಳುತ್ತಿತ್ತು.

ಐದೂವರೆಗೆ ಮೂಡಲಗಿಯಲ್ಲಿ ಸಂಘದ ಕೋಣೆ ತೆರೆದು ಗೋಡೆಯ ಮೇಲಿನ ಚಿತ್ರವನ್ನು ಇಳಿಸಿದೆ. ಯಾಕೆಂದು ಕೇಳಿದ ಇಬ್ಬರಿಗೆ ಕಾರಣ ಹೇಳಿದೆ. ಉಳಿದವರಿಗೆ ಭಾನುವಾರದ ಸಭೆಯಲ್ಲಿ ಈ ಹಾಳೆಗಳನ್ನೇ ಓದುತ್ತೇನೆ. ಭೀಮಪ್ಪನಿಗೆ ಬರಲು ಹೇಳಿ ಕಳಿಸಿದ್ದೇನೆ.

ಮನೆಗೆ ಬಂದು ಒಂಬತ್ತು ವರ್ಷದ ಹಿಂದಿನ ಡೈರಿ ಹುಡುಕಿದೆ. ಆ ಪುಟ ಸಿಕ್ಕಿತು. 'ಕ್ರಮಬದ್ಧವಾಗಿ ಮುಗಿಯಿತು' ಎಂಬ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ಇವತ್ತಿನ ಶಾಯಿಯಲ್ಲಿ ಬರೆದೆ: 'ಮೊದಲನೆಯ ಸಲ ಇಳಿಸಿದಾಗ ತಾಯಿ ತಲೆಯ ಕಡೆಗೆ ವಿಭೂತಿ ಹಚ್ಚಿದಳು. ನಾನು ಒರೆಸಿದೆ.' ಸಹಿ ಮಾಡಿದೆ. ಏಳು ಗಂಟೆ ಐದು ನಿಮಿಷ.