ಸಂಜೀವಣ್ಣ ಮತ್ತು ಗೇರಿಲ್ಲದ ಕಾರು

ರಿಪೇರಿಗೆ ಬಂದ ಗಾಡಿ ಓಡಿಸಿ ನೋಡುವಾಗ ಸಂಜೀವಣ್ಣ ಎಡಗಾಲಿನ ಚಪ್ಪಲಿ ಬಿಚ್ಚಿಡುತ್ತಿದ್ದರು. ಬರಿಗಾಲನ್ನು ಕಾರಿನ ನೆಲಕ್ಕೆ ಒತ್ತಿ ಒಳಗಿನ ನಡುಕ ಹಿಡಿಯುತ್ತಿದ್ದರು. ಮಾಲೀಕರ ಮಾತನ್ನಾಗಲಿ, ಕಂಪ್ಯೂಟರಿನ ವರದಿಯನ್ನಾಗಲಿ ನಂಬಿದವರಲ್ಲ. "ಮೀಟರ್ ಎಂತ ಬೇಕಾದ್ರೂ ತೋರಿಸ್ತದೆ ಮಾರ್ರೆ" ಎನ್ನುತ್ತಿದ್ದರು.

ದುಬೈಗೆ ಹೊರಟ ಭಾವ ತನ್ನ ಹಳೆಯ ಹೈಬ್ರಿಡ್ ಕಾರನ್ನು ನನಗೆ ಕೊಟ್ಟಾಗ ಕಂಕನಾಡಿಯ ಅವರ ಗ್ಯಾರೇಜಿಗೇ ಒಯ್ದೆ. ಪೆಟ್ರೋಲ್ ಎಂಜಿನ್, ಜೊತೆಗೊಂದು ಮೋಟಾರು. ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಓಡುವ ಉಕ್ಕಿನ ಬೆಲ್ಟು. ಕಾರು ಕಂಡದ್ದೇ ಸಂಜೀವಣ್ಣನ ಮುಖ ಸಣ್ಣದಾಯಿತು. ಚಪ್ಪಲಿ ಬಿಚ್ಚಲೇ ಇಲ್ಲ.

"ಇದರ ಗೇರ್‌ಬಾಕ್ಸ್ ಬಿಚ್ಚಬೇಕು."

"ಎಂತ ಆಗಿದೆ?"

"ಬಿಚ್ಚದೆ ಹೇಳ್ಲಿಕ್ಕೆ ಆಗುದಿಲ್ಲ."

ಓಡಿಸದೆ ಇವರಿಗೆ ಹೇಗೆ ಗೊತ್ತಾಯಿತು? ಹೊಸ ವಿದ್ಯೆಯನ್ನು ನನ್ನ ಕಾರಿನ ಮೇಲೆ ಕಲಿಯುವ ಆಲೋಚನೆ ಇರಬೇಕು ಎಂದುಕೊಂಡು ವಾಪಸು ತಂದೆ. ಆಮೇಲೆ ಕಾರು ತನ್ನಿ ಎಂದು ಎರಡು ಸಲ ಫೋನ್ ಮಾಡಿದರು. ಮೂರನೆಯದನ್ನು ನಾನು ಎತ್ತಲಿಲ್ಲ.

ತಿಂಗಳೊಳಗೆ, ಅಮ್ಮನನ್ನು ಫಳ್ನೀರಿನ ಆಸ್ಪತ್ರೆಗೆ ಕರೆದೊಯ್ಯುವಾಗ, ಏರಿನಲ್ಲಿ ಎಂಜಿನ್ ಕಿರುಚಿತು. ಕಾರು ಮಾತ್ರ ಹಿಂದಕ್ಕೆ ಜಾರಿತು. ಅಮ್ಮ ನನ್ನ ತೋಳು ಹಿಡಿದುಕೊಂಡರು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಾಗ ಹಿಂದಿನ ಬಸ್ಸಿಗೂ ನಮಗೂ ಒಂದು ಗೇಣು ಬಾಕಿ.

ಅಮ್ಮನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಮುಟ್ಟಿಸಿ, ಕಾರನ್ನು ಎಳೆಸಿಕೊಂಡು ಸಂಜೀವಣ್ಣನಲ್ಲಿಗೇ ಹೋದೆ. ಅವರು ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದರು. ಕರಟಿದ ವಾಸನೆ, ನಡುವೆ ಮಿನುಗುವ ಕಬ್ಬಿಣದ ಪುಡಿ.

"ನಿಮಗೆ ಮೊದಲೇ ಗೊತ್ತಿತ್ತಾ?"

ಬಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ನಿಮ್ಮ ಭಾವ ಒಮ್ಮೆ ಇದನ್ನು ಇಲ್ಲಿಗೆ ತಂದಿದ್ರು. ಇದಕ್ಕೆ ಬೇರೆಯೇ ಎಣ್ಣೆ ಉಂಟು ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಸಾದಾ ಆಟೋಮ್ಯಾಟಿಕ್ ಗಾಡಿಯದ್ದೇ ಹಾಕಿದೆ. ಬೆಲ್ಟು ಜಾರಿದ್ದು ನನ್ನಿಂದ."

"ಅವತ್ತೇ ಹೇಳ್ಬಹುದಿತ್ತಲ್ಲ?"

"ಬಾಯಿ ಬರ್ಲಿಲ್ಲ ಮಾರ್ರೆ."

ಆಮೇಲೆ ನಾನು ಆ ಗ್ಯಾರೇಜಿಗೆ ಹೋಗಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು. ಉತ್ತರಕ್ರಿಯೆಯ ಊಟದಲ್ಲಿ ಪಕ್ಕ ಕೂತವರು ಕಾಟಿಪಳ್ಳದವರು. ಅವರ ಕಾರೂ ನನ್ನದರಂತೆ ಬೆಲ್ಟಿನದ್ದೇ.

"ಒಂದು ದಿನ ಸಂಜೀವಣ್ಣ ಎಣ್ಣೆಯ ಡಬ್ಬ ಹಿಡ್ಕೊಂಡು ಬಸ್ಸಿನಲ್ಲಿ ಮನೆಗೇ ಬಂದ್ರು. ಹಿಂದೆ ತಪ್ಪು ಎಣ್ಣೆ ಹಾಕಿದ್ದೇನೆ, ಬದಲಿಸ್ತೇನೆ ಅಂದ್ರು. ಕರೆಯದೆಯೇ ಬಂದಿದ್ದಾರಲ್ಲ, ಎಂತದೋ ಮೋಸ ಉಂಟು ಅನಿಸಿತು. ಗೇಟು ತೆಗೀಲಿಲ್ಲ. ಡಬ್ಬ ಅಲ್ಲೇ ಇಟ್ಟು ಹೋದ್ರು."

"ಬದಲಿಸಿದ್ರಾ?"

"ಇಲ್ಲ. ಕಾರು ಸರಿಯೇ ಉಂಟಲ್ಲ? ಇವತ್ತೂ ಅದರಲ್ಲೇ ಬಂದದ್ದು."

"ಹೋಗುವಾಗ ಬಸ್ಸಿನಲ್ಲಿ ಹೋಗಿ" ಎಂದೆ.

ಅವರು ಊಟ ನಿಲ್ಲಿಸಿ, ನಾನು ಯಾವ ಗ್ಯಾರೇಜಿನವನು ಎಂದು ಕೇಳಿದರು.