ಅಂಗೈಯಗಲದ ಪಪ್ಪ

ಇವತ್ತು ಬೆಳಿಗ್ಗೆ ಬಾಗಿಲು ತೆರೆದಾಗ ತರಗೆಲೆ ಸುಟ್ಟ ವಾಸನೆ ಬಂತು. ಪಕ್ಕದ ಮನೆಯವರು ಹಲಸಿನ ಎಲೆಗಳನ್ನು ಗುಡಿಸಿ, ನಮ್ಮ ಕಂಪೌಂಡಿನ ಮೂಲೆಗೆ ತಾಗಿದಂತೆ ರಾಶಿ ಹಾಕಿ ಚಳಿಗೆಂದು ಬೆಂಕಿ ಕೊಟ್ಟಿದ್ದರು. ನನ್ನ ಬೆಳಗಿಗೊಂದು ಕ್ರಮ ಇದೆ. ಏಳುವುದು, ಹಾಸಿಗೆ ಮಡಚುವುದು, ಗೋಡೆ ಗಡಿಯಾರಕ್ಕೆ ಕೀ ಕೊಡುವುದು, ಗೇಟಿಗೆ ಹೋಗಿ ಪೇಪರ್ ತರುವುದು, ಕಾಫಿ. ನಡುವೆ ನಿಂತು ಹೊಗೆ ಮೂಸುವುದಕ್ಕೆ ಇದರಲ್ಲಿ ಜಾಗ ಇಲ್ಲ. ಆದರೂ ನಿಂತೆ. ಪೇಪರ್ ಗೇಟಿನಲ್ಲಿ, ನಾನು ಅಂಗಳದಲ್ಲಿ.

ಮಂಗಳೂರಿನಲ್ಲಿ ಎಂತಹ ಚಳಿ ಎಂದು ನೀವು ನಗಬಹುದು. ನಗಿ. ನಾವು ಚಳಿಯನ್ನು ಅಳೆಯುವುದು ತೆಂಗಿನೆಣ್ಣೆಯ ಬಾಟ್ಲಿಯಿಂದ. ತಳದಲ್ಲಿ ಎಣ್ಣೆ ಬೆಳ್ಳಗಾದರೆ ಚಳಿ ಶುರು ಎಂದು ಲೆಕ್ಕ. ಬಾಟ್ಲಿಯನ್ನು ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳದಿದ್ದರೆ ಭಾರೀ ಚಳಿ. ಆರೇಳು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ ನಮ್ಮ ಬಾಟ್ಲಿಯೊಳಗೆ ಎಣ್ಣೆ ಮೇಣದ ಹಾಗೆ ಕೂತುಬಿಟ್ಟಿತ್ತು. ನನ್ನ ಹೆಂಡತಿ ಸುಮತಿ ಅದನ್ನು ಒಲೆಯ ಬದಿಗಿಟ್ಟು ಕರಗಿಸಿ ಮೊಮ್ಮಗಳ ತಲೆಗೆ ಹಚ್ಚುತ್ತಿದ್ದಳು. ನಾವಿರುವ ಕುಲಶೇಖರದ ಮೇಲೆ ಬೆಳಿಗ್ಗೆ ತೆಳ್ಳಗೆ ಮಂಜು. ಎದುರಿನ ತೆಂಗಿನಮರಗಳು ಬುಡವಿಲ್ಲದೆ, ಬರೀ ತಲೆ ಮಾತ್ರವಾಗಿ ಗಾಳಿಯಲ್ಲಿ ತೇಲುತ್ತಿದ್ದವು. ಮಗ ಹರೀಶ ಮಸ್ಕತ್ತಿನಿಂದ ಒಂದು ತಿಂಗಳ ರಜೆಯಲ್ಲಿ ಬಂದದ್ದು ಆಗ.

ಮೊಮ್ಮಗಳು ಮಿನ್ನುವಿಗೆ ಮೂರು ವರ್ಷ. ಅವಳು ತೊಟ್ಟಿಲಲ್ಲಿದ್ದಾಗ ಅವನು ಹೊರಟುಹೋದವನು. ಮಿನ್ನು ಮತ್ತು ಅವಳ ತಾಯಿ ಸವಿತಾ ನಮ್ಮ ಜೊತೆಗೇ ಇದ್ದರು. ಪಪ್ಪ ಎಂದರೆ ಅವಳಿಗೆ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಬರುವ ಮುಖ. ಅದರ ಬಾಯಿಗೆ ಅನ್ನದ ತುತ್ತು ಒತ್ತಿ ಸವಿತಾಳಿಂದ ಬೈಸಿಕೊಳ್ಳುತ್ತಿದ್ದಳು. ಮಲಗುವಾಗ ಫೋನಿಗೆ ಕರವಸ್ತ್ರ ಹೊದೆಸುತ್ತಿದ್ದಳು.

ಹಾಗಿರುವಾಗ ಒಂದು ದಿನ ಆರಡಿ ಎತ್ತರದ ಗಂಡಸೊಬ್ಬ ಸೂಟ್‌ಕೇಸ್ ಹಿಡಿದು ಒಳಗೆ ಬಂದರೆ ಅವಳು ಏನು ಮಾಡಬೇಕು? ಅಜ್ಜಿಯ ಸೀರೆಯೊಳಗೆ ಹೊಕ್ಕಳು. ಅವನು ತಂದ ಗೊಂಬೆಯನ್ನು ತೆಗೆದುಕೊಂಡು "ಥ್ಯಾಂಕ್ಯೂ ಅಂಕಲ್" ಎಂದಳು. ರಾತ್ರಿ ಊಟಕ್ಕೆ ಕೂತಾಗ, ಎದುರಿಗೇ ಹರೀಶ ಕೂತಿರುವಾಗಲೇ, ಸವಿತಾಳ ಫೋನ್ ತಂದು ಅವಳ ಕೈಗಿಟ್ಟಳು.

"ಪಪ್ಪನಿಗೆ ಫೋನ್ ಮಾಡು."

"ಇವರೇ ಅಲ್ವಾ ಮಾರಾಯ್ತಿ ನಿನ್ನ ಪಪ್ಪ!" ಎಂದಳು ಸುಮತಿ.

ಮಿನ್ನು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಅಲ್ಲ. ನನ್ನ ಪಪ್ಪ ಸಣ್ಣ," ಎಂದು ತನ್ನ ಅಂಗೈ ಬಿಡಿಸಿ ಅಳತೆ ತೋರಿಸಿದಳು.

ನಾವೆಲ್ಲ ನಕ್ಕೆವು. ಹರೀಶನೂ ನಕ್ಕ, ಆದರೆ ಅವನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯಿತು. ಮುಂದಿನ ರಜೆ ಎರಡು ವರ್ಷದ ನಂತರ. ಈ ತಿಂಗಳಲ್ಲಿ ಮಗು ಅವನ ಬಳಿ ಹೋಗದಿದ್ದರೆ, ಮಗಳ ಮಟ್ಟಿಗೆ ಅವನು ಬಂದೇ ಇಲ್ಲ ಎಂದಾಗುತ್ತಿತ್ತು.

ನಾನು ಹಂಚಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವನು. ಸೈರನ್ ಊದಿಸುವುದು ನನ್ನ ಕೈಯಲ್ಲಿತ್ತು. ಅದನ್ನು ಕೇಳಿ ಸುತ್ತಲಿನ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿ, ಚಿಮಣಿ ಇದ್ದಲ್ಲಿ ಫ್ಲ್ಯಾಟ್ ಎದ್ದಿದೆ. ಸೈರನ್ ಮಾತ್ರ ನನ್ನೊಳಗೆ ಇನ್ನೂ ಹೊತ್ತುಹೊತ್ತಿಗೆ ಊದುತ್ತದೆ. ಹೊತ್ತಿಗೆ ಸರಿಯಾಗಿ ಮಾಡಿದರೆ ಯಾವ ಕೆಲಸವೂ ಕೆಡುವುದಿಲ್ಲ ಎಂಬುದು ನನ್ನ ನಂಬಿಕೆ. ಹಾಗಾಗಿ ಮರುದಿನವೇ ಅಪ್ಪಣೆ ಹೊರಡಿಸಿದೆ. ದಿನಾ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದು. ಮಗುವಿನ ಒಂದು ಕೈ ಹರೀಶ ಹಿಡಿಯುವುದು. ಫೋನ್‌ಗಳೆಲ್ಲ ಕಪಾಟಿನಲ್ಲಿ, ಬೀಗ ಹಾಕಿ; ಕಾರು ಓಡಿಸುವ ಹರೀಶನದು ಮಾತ್ರ ಕಾರಿನಲ್ಲಿ. ಎದುರಾಳಿಯನ್ನೇ ಒಳಗೆ ಹಾಕಿದ ಮೇಲೆ ಹುಡುಗಿ ಇನ್ನು ಎಲ್ಲಿಗೆ ಹೋದಾಳು? ಅವಸರಕ್ಕೆ ಇರಲಿ ಎಂದು ನನ್ನದೊಂದು ಜೇಬಿನಲ್ಲಿತ್ತು. ಅಪ್ಪಣೆ ಹೊರಡಿಸಿದವನಿಗೆ ಅಷ್ಟು ವಿನಾಯಿತಿ ಬೇಡವೇ?

ಹೊರಟೆವು. ಹರೀಶ ಬಾಡಿಗೆಯ ಕಾರು ತಂದಿದ್ದ. ಮಸ್ಕತ್ತಿನ ಬಿಸಿಲಲ್ಲಿದ್ದು ಬಂದವನಿಗೆ ಶೀತ ಆದೀತೆಂದು ಸುಮತಿ ನನ್ನ ನೀಲಿ ಮಂಗನಟೊಪ್ಪಿಯನ್ನು ಅವನ ತಲೆಗೆ ಇಳಿಸಿದ್ದಳು. ಕುದ್ರೋಳಿ ದೇವಸ್ಥಾನದ ಅಂಗಳದ ಕಲ್ಲು ಎಷ್ಟು ತಣ್ಣಗಿತ್ತೆಂದರೆ ನಾವೆಲ್ಲ ಹಿಮ್ಮಡಿ ಎತ್ತಿ, ಕೊಕ್ಕರೆಗಳ ಹಾಗೆ ಪ್ರದಕ್ಷಿಣೆ ಬಂದೆವು. ತಣ್ಣೀರುಬಾವಿಯಲ್ಲಿ ಗಾಳಿ ತಂಪು, ಸಮುದ್ರ ಬೆಚ್ಚಗೆ. ಯಾರೋ ನಮಗಾಗಿಯೇ ಸ್ನಾನಕ್ಕೆ ನೀರು ಕಾಯಿಸಿಟ್ಟ ಹಾಗೆ. ಅಲೆ, ಮಂಜು, ಆಕಾಶ ಎಲ್ಲ ಒಂದೇ ಬೂದುಬಣ್ಣ. ಅದರ ನಡುವೆ ನಾವು ಐದು ಜನ ನಡೆಯುತ್ತಿದ್ದರೆ ಯಾರದೋ ಕನಸಿನೊಳಗೆ ತಪ್ಪಿ ಬಂದವರಂತೆ ಕಾಣುತ್ತಿದ್ದೆವು. ಮಿನ್ನು ನನ್ನ ಕೈ ಹಿಡಿದಳು, ಅಜ್ಜಿಯ ಕೈ ಹಿಡಿದಳು, ಕಡಲೆ ಮಾರುವವನ ಕೈಯನ್ನೂ ಹಿಡಿದಳು. ಹರೀಶನ ಕೈ ಮಾತ್ರ ಖಾಲಿಯಾಗಿ ಅವನ ಪಕ್ಕದಲ್ಲಿ ತೂಗುತ್ತಿತ್ತು.

"ಅವಳನ್ನು ಎತ್ತಿಕೊ ಮಾರಾಯ, ಹೊತ್ತಾಗ್ತದೆ," ಎಂದೆ.

"ಬಿಡಿ ಅಪ್ಪ. ಟೈಮ್ ಟೇಬಲ್ ಹಾಕಿದ್ರೆ ಬರುವಂಥದ್ದಾ ಇದು?" ಎಂದ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ಸಮುದ್ರ ನೋಡಿಕೊಂಡು ಹೇಳಿದ.

ರಜೆ ಅರ್ಧ ಕಳೆದ ಮೇಲೆ ಒಂದು ಭಾನುವಾರ ಕದ್ರಿಗೆ ಹೋದೆವು. ಪಾರ್ಕಿನ ಗೇಟಿನಲ್ಲಿ ನಮ್ಮನ್ನಿಳಿಸಿ ಹರೀಶ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಭಾನುವಾರ ಅಲ್ಲಿ ನಡೆಯುವವರಿಗಿಂತ ಕಾರುಗಳೇ ಹೆಚ್ಚು. ಎಷ್ಟು ಹೊತ್ತಾದರೂ ಅವನ ಸುಳಿವಿಲ್ಲ. ನಾನು ವಾಚು ನೋಡಿದೆ. ಸುಮತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

ಗಲ್ಫಿನಲ್ಲಿದ್ದವರ ಬೆರಳಿಗೆ ವೀಡಿಯೊ ಗುಂಡಿ ಮಾತ್ರ ಗೊತ್ತು. ನಾನು ಹೊರತೆಗೆದು ಒತ್ತಿದ್ದೇ ತಡ, ಪರದೆಯ ಮೇಲೆ ಮುಖ ಬಂತು.

"ಪಪ್ಪಾ!" ಮಿನ್ನು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ನಾನು ಬೀಗ ಹಾಕಿಟ್ಟಿದ್ದ ಪಪ್ಪ ನನ್ನ ಜೇಬಿನಿಂದಲೇ ಹೊರಬಂದಿದ್ದ.

ಆ ಕಡೆಯಿಂದ ಹರೀಶನ ದನಿ ಕೇಳಿತು. "ಮಿನ್ನು... ಊಟ ಆಯ್ತಾ?" ಬೆಳಗಿನ ಹೊತ್ತಲ್ಲಿ, ಬಾಯಿಪಾಠದ ಹಾಗೆ.

"ಪಪ್ಪ, ಟೊಪ್ಪಿ ಎಂತಕ್ಕೆ? ಚಳಿಯಾ?"

"ಹೌದು. ಕೆಳಗೆ ರಿಕ್ಷಾ ಸ್ಟ್ಯಾಂಡಲ್ಲಿದ್ದೇನೆ. ನೋಡು, ಇಲ್ಲಿ ಬೆಂಕಿ ಉಂಟು."

ಅವನು ಫೋನ್ ತಿರುಗಿಸಿದ. ರಿಕ್ಷಾದವರು ತರಗೆಲೆ ಗುಡ್ಡೆ ಹಾಕಿ ಚಳಿ ಕಾಯಿಸುತ್ತಿದ್ದರು. ಒಬ್ಬ ಕೈ ಬೀಸಿದ. ಹೊಗೆ ಪರದೆಯ ಮೇಲೆ ಬೆಳ್ಳಗೆ ಏರಿತು. ಅದೇ ಹೊಗೆ, ಇಳಿಜಾರು ರಸ್ತೆಯನ್ನು ಮೆಲ್ಲಗೆ ಹತ್ತಿ ನಾವು ನಿಂತಲ್ಲಿಗೆ ಬಂತು. ಮಿನ್ನು ಮೂಗೆಳೆದಳು. ಫೋನನ್ನು ಮೂಸಿ ನೋಡಿದಳು. ಅದಕ್ಕೆ ವಾಸನೆ ಇರಲಿಲ್ಲ. ಮತ್ತೆ ಗಾಳಿ ಮೂಸಿದಳು. ತಲೆಯೆತ್ತಿದಳು.

ರಸ್ತೆಯ ಕೊನೆಯಲ್ಲಿ, ಮಂಜು ಯಾವುದು ಹೊಗೆ ಯಾವುದು ತಿಳಿಯದಲ್ಲಿ, ನೀಲಿ ಟೊಪ್ಪಿಯ ಒಬ್ಬ ಮನುಷ್ಯ ನಿಂತಿದ್ದ. ಅಷ್ಟು ದೂರದಿಂದ ಸಣ್ಣ. ಅಂಗೈಯಷ್ಟೇ.

ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಫುಟ್‌ಪಾತಿನ ಮೇಲೆ ಇಳಿಯತೊಡಗಿದಳು. "ಕೈ ಹಿಡಿ" ಎನ್ನಲು ನಾನು ಬಾಯಿ ತೆರೆದೆ. ಸುಮತಿ ನನ್ನ ಅಂಗಿಯ ತೋಳು ಎಳೆದಳು. "ಒಂದು ಸಲ ಸುಮ್ಮನಿರಿ." ನಾವು ಮೂವರೂ ಎರಡು ಮಾರು ಹಿಂದೆ ಸದ್ದಿಲ್ಲದೆ ನಡೆದೆವು. ಅವಳು ಫೋನ್ ನೋಡುವಳು, ಎದುರಿಗೆ ನೋಡುವಳು. ಎದುರಿನವನು ಹೆಜ್ಜೆಗೊಂದಿಷ್ಟು ಬೆಳೆಯುತ್ತಿದ್ದ. ಮೊದಲು ಗೊಂಬೆಯಷ್ಟು, ಮತ್ತೆ ಅವಳಷ್ಟು, ಮತ್ತೆ ಸವಿತಾಳಷ್ಟು. ಹರೀಶ ಅಲುಗಾಡಲಿಲ್ಲ. ಬೆಂಕಿಯ ಹತ್ತಿರ ತಲುಪಿದಾಗ ಅವನು ಪೂರ್ತಿ ಆರಡಿ ಆಗಿದ್ದ.

"ಪಪ್ಪ, ನೀವು ದೊಡ್ಡ ಆದ್ರಾ?" ಎಂದು ಕೇಳಿದಳು.

ಹರೀಶ ಕುಕ್ಕರಗಾಲಿನಲ್ಲಿ ಕೂತು ಅವಳಷ್ಟೇ ಎತ್ತರವಾದ. ಅವಳು ಫೋನನ್ನು ನನ್ನತ್ತ ಚಾಚಿ, ಖಾಲಿಯಾದ ಕೈಯನ್ನು ಅವನ ಕೆನ್ನೆಯ ಮೇಲಿಟ್ಟಳು.

"ಎಂತ ಸಾರ್, ಮಗು ತಪ್ಪಿಹೋಗಿತ್ತಾ?" ಎಂದ ಕೈ ಬೀಸಿದ್ದ ರಿಕ್ಷಾದವ.

"ಹೌದು ಮಾರಾಯ. ಈಗ ಸಿಕ್ಕಿತು," ಎಂದೆ.

"ಹಾಗಾದ್ರೆ ಕೂತ್ಕೊಳ್ಳಿ, ಚಳಿ ಕಾಯಿಸಿ," ಎಂದು ಅವನು ಇನ್ನೊಂದು ಹಿಡಿ ಎಲೆ ಹಾಕಿದ.

ಪಾರ್ಕಿನ ಒಳಗೆ ನಾವು ಹೋಗಲೇ ಇಲ್ಲ. ಹೋಟೆಲಿನಲ್ಲಿ ಬನ್ಸು ತಿಂದು ಮನೆ ಸೇರುವಾಗ ಮಧ್ಯಾಹ್ನ. ವಾಚು ನೋಡುವುದು ಆವತ್ತು ನನಗೆ ನೆನಪಾಗಲಿಲ್ಲ. ರಜೆ ಮುಗಿದು ಬಜ್ಪೆಯಲ್ಲಿ ಅವನನ್ನು ವಿಮಾನಕ್ಕೆ ಬಿಡುವಾಗ ಮಿನ್ನು ಅವನ ಅಂಗಿ ಬಿಡದೆ, ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ಅತ್ತಳು. ನಾವು ಒಂದು ತಿಂಗಳು ಊರೆಲ್ಲ ತಿರುಗಿದ್ದು ಆ ಅಳುವಿಗಾಗಿಯೇ ಎಂದು ಆಮೇಲೆ ಹೊಳೆಯಿತು.

ಈಗ ಮಿನ್ನು ನನ್ನ ಭುಜದವರೆಗೆ ಬೆಳೆದಿದ್ದಾಳೆ. ಇವತ್ತು ನಾನು ಅಂಗಳದಲ್ಲಿ ನಿಂತಾಗ ಒಳಗೆ ಮಲಗಿದ್ದಳು. ಹರೀಶ ಮಸ್ಕತ್ತಿನಲ್ಲೇ ಇದ್ದಾನೆ. ಅವನು ನಮ್ಮ ಜೊತೆ ಮಾತಾಡುವುದು ರಾತ್ರಿ ಊಟದ ಹೊತ್ತಿಗೆ, ಆ ಹೊತ್ತು ಗೊತ್ತುಮಾಡಿದವನು ನಾನೇ. ಬೇರೆ ಹೊತ್ತಿನಲ್ಲಿ ನಾನಾಗಿ ಅವನಿಗೆ ಫೋನ್ ಮಾಡಿದ್ದಿಲ್ಲ.

ಹೊಗೆಯಲ್ಲಿ ನಿಂತು ಮಾಡಿದೆ. ವೀಡಿಯೊ ಗುಂಡಿಯನ್ನೇ ಒತ್ತಿದೆ.

"ಅಪ್ಪ! ಎಂತಾಯ್ತು? ಅಮ್ಮ ಹೇಗಿದ್ದಾಳೆ?" ಅಲ್ಲಿ ಇನ್ನೂ ಕತ್ತಲು. ಅವನ ಕೂದಲು ಕೆದರಿತ್ತು. ಗಡ್ಡದಲ್ಲಿ ಬಿಳಿ ಇದ್ದದ್ದನ್ನು ನಾನು ರಾತ್ರಿಯ ಮಾತಿನಲ್ಲಿ ಗಮನಿಸಿರಲಿಲ್ಲ.

"ಎಂತ ಇಲ್ಲ. ಎಲ್ಲ ಸರಿ ಉಂಟು. ಇಲ್ಲಿ ಚಳಿ, ನೋಡು," ಎಂದು ಫೋನನ್ನು ಬೆಂಕಿಯ ಕಡೆ ಹಿಡಿದೆ.

ಅವನು ಮುಖವನ್ನು ಪರದೆಯ ಹತ್ತಿರ ತಂದ.

"ಟೊಪ್ಪಿ ಎಲ್ಲಿ ಅಪ್ಪ?" ಎಂದು ಕೇಳಿದ.

"ಒಳಗುಂಟು."

"ಹಾಕಿ ಬನ್ನಿ. ನಾನು ಫೋನ್ ಇಡುವುದಿಲ್ಲ."

ಫೋನನ್ನು ಕಂಪೌಂಡಿನ ಗೋಡೆಯ ಮೇಲೆ ಬೆಂಕಿಯತ್ತ ತಿರುಗಿಸಿಟ್ಟು, ಟೊಪ್ಪಿ ಹಾಕಿಕೊಂಡು ಓಡಿ ಬಂದೆ. ಅಂಗೈಯಷ್ಟಗಲ ನನ್ನ ಮಗ ಬೆಂಕಿ ನೋಡುತ್ತ ಅಲ್ಲೇ ಇದ್ದ. ಕಾಫಿಯ ಹೊತ್ತು ದಾಟಿತು. ಒಳಗಿನಿಂದ ಸುಮತಿ ಎರಡು ಸಲ ಕರೆದಳು. ನಾನು ಬಗ್ಗಿ, ಗೋಡೆಯಾಚೆಯ ಬೆಂಕಿಗೆ ಇನ್ನೊಂದು ಹಿಡಿ ಎಲೆ ಹಾಕಿದೆ.