‘ಎಲ್ಲಿಗೆ?’ ಎಂದು ಕೇಳುವ ಸಾವಂತ್ರೆವ್ವ

ಶಿವರಾತ್ರಿ ಕಳೆದರೂ ಯರೇಹಾಳದಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ಮೂಡಲ ದಿಕ್ಕು ಈಗಷ್ಟೇ ಬಿಳುಪೇರುತ್ತಿದೆ. ಊರ ಅಗಸಿಬಾಗಿಲ ಕಟ್ಟೆಗೆ ಆತು ಸಾವಂತ್ರೆವ್ವ ನಿಂತಿದ್ದಾಳೆ. ಸೊಂಟಕ್ಕೆ ಹತ್ತಿ ತುಂಬುವ ಉಡಿ, ಕೈಯಲ್ಲಿ ರೊಟ್ಟಿಯ ಗಂಟು, ದವಡೆಯಲ್ಲಿ ಎಲೆಯಡಿಕೆ. ಓಣಿಯಿಂದ ಒಬ್ಬೊಬ್ಬರೇ ಹೆಂಗಸರು ಸೆರಗು ಹೊದ್ದು ಬರುತ್ತಾರೆ. ಮುಖ ಕಾಣುವಷ್ಟು ಬೆಳಕಿಲ್ಲ.

“ಯಾರಾಕಿ?”

“ನಾ, ರೇವವ್ವ.”

“ಎಲ್ಲಿಗೆ?”

“ನಿನ್ನ ಸಂಗಾಟ ಹೊಲಕ್ಕ.”

“ಬಾ, ಈ ಕಡೆ ನಿಂದ್ರು.”

ಅಷ್ಟರಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ನೀರಿನ ತಂಬಿಗೆ ಹಿಡಿದು, ತಲೆ ತಗ್ಗಿಸಿಕೊಂಡು ಹಳ್ಳದ ಕಡೆ ಸರಸರ ಹೊರಡುತ್ತಾಳೆ. ಸಾವಂತ್ರೆವ್ವ ಬಿಡುವವಳಲ್ಲ. “ನೀ ಎಲ್ಲಿಗೆ ಬೇ?”

“ತಂಬಗಿ ಹಿಡದಾಕಿನ್ನ ಎಲ್ಲಿಗೆ ಅಂತ ಕೇಳ್ತಾರೇನ್ ಯವ್ವಾ?” ಹುಡುಗಿ ನಾಚಿ ನೀರಾಗುತ್ತಾಳೆ. ಹೆಂಗಸರು ಗೊಳ್ಳೆಂದು ನಗುತ್ತಾರೆ.

“ಕೇಳ್ತಾರ. ಒಬ್ಬಾಕೆ ಹೋಗಬ್ಯಾಡ, ಸಾವಕ್ಕನ್ನ ಕರಕೊಂಡು ಹೋಗು. ನೀವು ಬರೂತನಾ ನಾವು ಇಲ್ಲೇ ನಿಂತಿರತೀವಿ.”

ನವಲಗುಂದದ ರಸ್ತೆಯಿಂದ ಒಳಗೆ ಸರಿದ ಈ ಸಣ್ಣ ಊರಿನಲ್ಲಿ ಸಾವಂತ್ರೆವ್ವ ಹತ್ತಿ ಬಿಡಿಸುವ ಹೆಂಗಸರ ಮುಂದಾಳು. ಗುಂಪಿನಲ್ಲಿ ಇಪ್ಪತ್ತಕ್ಕೂ ಮೇಲೆ ಜನ. ಹತ್ತಿಯನ್ನು ಇಬ್ಬನಿ ಆರುವ ಮೊದಲೇ ಬಿಡಿಸಬೇಕು. ಬಿಸಿಲೇರಿದರೆ ಒಣಗಿದ ಎಲೆ ಪುಡಿಯಾಗಿ ಅರಳೆಗೆ ಅಂಟಿಕೊಳ್ಳುತ್ತದೆ, ಹೊಲದವರು ಮುಖ ಸಿಂಡರಿಸುತ್ತಾರೆ. ಹಾಗಾಗಿ ಕತ್ತಲಿರುವಾಗಲೇ ಮನೆ ಬಿಡಬೇಕು, ಎರಡು ಮೂರು ಮೈಲಿ ನಡೆಯಬೇಕು, ಹೊತ್ತು ನೆತ್ತಿಗೆ ಬರುವವರೆಗೆ ಬಗ್ಗಿದ ಬೆನ್ನು ಎತ್ತುವಂತಿಲ್ಲ. ರೊಟ್ಟಿ ತಿಂದ ಮೇಲೆ ಮತ್ತೆ ಸಂಜೆಯವರೆಗೆ. ಕೂಲಿ ಎಂದರೆ ಬಿಡಿಸಿದ ಹತ್ತಿಯಲ್ಲೇ ಒಂದು ಪಾಲು. ಸಾವಂತ್ರೆವ್ವನ ಎರಡೂ ಕೈ ಎರಡು ಗಿಡದ ಮೇಲೆ ಒಟ್ಟಿಗೆ ಆಡುತ್ತವೆ, ಬಾಯಿ ಮೂರನೆಯ ಕೆಲಸ ಮಾಡುತ್ತಿರುತ್ತದೆ.

ಆ ಬಾಯಿಯದೇ ಇಲ್ಲಿ ಕಥೆ. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಈ ಕಡೆಯ ಎಲ್ಲ ಮನೆಗಳ ನಂಬಿಕೆ. ತೀರ ಕೇಳಲೇಬೇಕಾದರೆ ‘ದೂರ ಹೊಂಟ್ರೇನು?’ ಎಂದು ಸುತ್ತು ಬಳಸಿ ಕೇಳಿ ಸುಮ್ಮನಾಗುತ್ತಾರೆ. ಇಂಥ ಊರಿನಲ್ಲಿ ದಿನ ಬೆಳಗಾದರೆ ಇಪ್ಪತ್ತು ಜನರನ್ನು ಅಗಸಿಯಲ್ಲೇ ತಡೆದು ‘ಎಲ್ಲಿಗೆ’ ಎಂದು ಕೇಳುವವಳು ಇವಳೊಬ್ಬಳೇ.

ಸಾವಂತ್ರೆವ್ವನ ತವರು ಕುಂದಗೋಳದ ಕಡೆಯದು. ಗಂಡ ಅಮೋಘಸಿದ್ದಪ್ಪ ಕುರಿ ಕಾಯುತ್ತಾನೆ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದಾರೆ. ಹೆಂಡತಿಯ ಮುಂದಾಳುತನದ ಬಗ್ಗೆ ಕೇಳಿದರೆ ಅಮೋಘಸಿದ್ದಪ್ಪ ಕಂಬಳಿ ಸರಿಪಡಿಸಿಕೊಳ್ಳುತ್ತಾನೆ. “ನಾ ಕುರಿ ಕಾಯತೀನಿ, ಆಕಿ ಹೆಂಗಸರನ್ನ ಕಾಯತಾಳ. ನನ್ನ ಕುರಿ ತಿರುಗಿ ಮಾತಾಡಂಗಿಲ್ರಿ, ಅಷ್ಟ ಫರಕ.” ಹಾಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇಣುಕುತ್ತದೆ, ಅದನ್ನು ಮೀಸೆಯಡಿಯಲ್ಲಿ ಮುಚ್ಚಿಕೊಳ್ಳಲು ನೋಡುತ್ತಾನೆ.

ಇದು ಶುರುವಾದದ್ದು ಎಪ್ಪತ್ತೊಂದನೆಯ ಇಸವಿಯ ಹತ್ತಿ ಸುಗ್ಗಿಯಲ್ಲಿ. ಆಗ ಯಾರೂ ಯಾರಿಗೂ ಮುಂದಾಳಲ್ಲ, ಹೆಂಗಸರು ತಮ್ಮ ತಮ್ಮ ಸಾಲು ಹಿಡಿದು ಬಿಡಿಸುತ್ತಿದ್ದರು. ಸಾವಂತ್ರೆವ್ವನ ಪಕ್ಕದ ಸಾಲು ಮಹಾದೇವಕ್ಕನದು. ನಗುಮುಖದ ಹೆಂಗಸು, ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಅವತ್ತು ಊರ ಗೌಡ ಶಂಕ್ರಪ್ಪನ ಹೊಲ. ರೊಟ್ಟಿಯ ಹೊತ್ತಿಗೆ ಮುಂಚೆ ಮಹಾದೇವಕ್ಕ ಉಡಿ ಬಿಚ್ಚಿಟ್ಟು, ಬದು ದಾಟಿ ಹಳ್ಳದ ಕಡೆ ಹೋದಳು. ಎಲ್ಲರೂ ನೋಡಿದರು. ಯಾರೂ ಕೇಳಲಿಲ್ಲ. ಸಂಜೆ ಪಾಲು ಹಾಕುವಾಗ ಅವಳ ಉಡಿ ಇತ್ತು, ಅವಳಿರಲಿಲ್ಲ. ಹಳ್ಳದ ಜಾಲಿಗಿಡಗಳ ಮರೆಯಲ್ಲಿ ಅವಳ ಹೆಣ ಸಿಕ್ಕಿತು.

ಕೊಂದವನು ಅದೇ ಹೊಲದ ಕಾವಲುಗಾರ. ಅಂದು ರಾತ್ರಿಯೇ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದವನನ್ನು ಪೊಲೀಸರು ಹಿಡಿದರು. ಅವನ ಹೆಸರನ್ನು ಯರೇಹಾಳದ ಹೆಂಗಸರು ಬಾಯಿಯಲ್ಲಿ ತರುವುದಿಲ್ಲ, ಇಲ್ಲಿಯೂ ಅದು ಬೇಡ. ಧಾರವಾಡದ ಕೋರ್ಟಿನಲ್ಲಿ ವಿಚಾರಣೆ ನಡೆದಾಗಲೇ ಹೆಂಗಸರಿಗೆ ಗೊತ್ತಾದದ್ದು: ಹೆಣ್ಣುಮಕ್ಕಳ ಮೇಲೆ ಕೈ ಮಾಡಿ ಅವನು ಹಿಂದೆಯೂ ಎರಡು ಸಲ ಜೇಲು ಕಂಡಿದ್ದ. ಒಬ್ಬಾಕೆ ಹೇಗೋ ಜೀವ ಉಳಿಸಿಕೊಂಡಿದ್ದಳು, ಇನ್ನೊಬ್ಬಾಕೆ ಊರನ್ನೇ ಬಿಟ್ಟಿದ್ದಳು. ಶಂಕ್ರಪ್ಪನಿಗೆ ಇದು ತಿಳಿದಿತ್ತು. ಊರ ಇನ್ನೂ ಕೆಲವು ಹಿರಿಯರಿಗೂ ತಿಳಿದಿತ್ತು. ಗೌಡರ ದೂರದ ನೆಂಟ, ಹುಡುಗ ಸುಧಾರಿಸಿದ್ದಾನೆ, ಬಾಯಿಬಿಟ್ಟರೆ ಮನೆತನದ ಮರ್ಯಾದೆ ಹೋಗುತ್ತದೆ ಎಂದು ಗಂಡಸರು ಗಂಡಸರೇ ಮಾತಾಡಿಕೊಂಡು ಮುಗಿಸಿದ್ದರು. ಆ ಮರ್ಯಾದೆ ಎಂಥದ್ದೋ, ಅದನ್ನು ಕಾಯಲು ಹೋಗಿ ಒಂದು ಜೀವ ಹೋಯಿತು. ಬರೆಯುವಾಗಲೂ ಸಿಟ್ಟು ಬರುತ್ತದೆ.

ಸಾಕ್ಷಿ ಹೇಳಲು ಹೋದವರಲ್ಲಿ ಸಾವಂತ್ರೆವ್ವನೂ ಇದ್ದಳು. “ವಕೀಲರು ಕೇಳಿದ್ರು, ಆಕಿ ಎದ್ದು ಹೋಗಾಕತ್ತಾಗ ಎಲ್ಲಿಗೆ ಅಂತ ನೀವ್ಯಾರೂ ಕೇಳಲಿಲ್ಲೇನು ಅಂತ. ಹೊಂಟಾರನ್ನ ಹಂಗ ಕೇಳಬಾರದ್ರಿ ಅಂದೆ. ಕೋರ್ಟಿನಾಗ ಯಾರೂ ನಗಲಿಲ್ರಿ. ನಕ್ಕಿದ್ರ ಚೊಲೋ ಇತ್ತು. ನಾ ಆಡಿದ ಮಾತು ನನಗ ತಿರುಗಿ ಕೇಳಿಸಿದಂಗಾತು. ಆಕಿ ಕೆಲಸ ಕೆಡಬಾರದಂತ ನಾವು ಬಾಯಿ ಮುಚ್ಚಿಕೊಂಡಿದ್ವಿ ನೋಡ್ರಿ.”

ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಯರೇಹಾಳದ ಹೆಂಗಸರು ಹೊಲಕ್ಕೆ ಹೋಗುವುದನ್ನೇ ಬಿಟ್ಟರು. ಮುಂದಿನ ಸುಗ್ಗಿಯಲ್ಲಿ ಹತ್ತಿ ಅರಳಿ ನಿಂತಿತು, ಮನೆಯಲ್ಲಿ ಒಲೆ ಮಾತ್ರ ತಣ್ಣಗಿತ್ತು. ಕೊನೆಗೆ ಸಾವಂತ್ರೆವ್ವ ಮನೆಮನೆಗೆ ಹೋಗಿ ಹೇಳಿದಳು: ನಾನು ಕರೆದುಕೊಂಡು ಹೋಗುತ್ತೇನೆ, ಕರೆದುಕೊಂಡು ಬರುತ್ತೇನೆ. ಆದರೆ ನಾನು ಎಲ್ಲಿಗೆ ಎಂದು ಕೇಳುತ್ತೇನೆ, ನೀವು ಹೇಳಬೇಕು. ಹೊಲದವರಿಗೂ ಒಂದು ಮಾತು ಹೇಳಿ ಕಳಿಸಿದಳು: ಕಾವಲಿಗೆ ಯಾರನ್ನು ಇಟ್ಟಿದ್ದೀರಿ, ಯಾವ ಊರಿನವನು, ಹಿಂದೆ ಏನು ಮಾಡಿದವನು ಎಂದು ನಮ್ಮ ಮುಂದೆ ನಿಂತು ಹೇಳಬೇಕು. ಹೇಳದಿದ್ದವರ ಹೊಲಕ್ಕೆ ನಾವು ಕಾಲಿಡುವುದಿಲ್ಲ.

ಮೊದಲ ವರ್ಷ ಎಲ್ಲರ ಬೈಗುಳವೂ ಅವಳಿಗೇ. ಸಾವಕ್ಕನ ಮಗನಿಗೆ ಹೆಣ್ಣು ನೋಡಲು ಹೊರಟವರನ್ನು ಅಗಸಿಯಲ್ಲಿ ‘ಎಲ್ಲಿಗೆ’ ಎಂದಳು, ಆ ಸಂಬಂಧ ಕೂಡಲಿಲ್ಲ. ಸಾವಕ್ಕ ಓಣಿಯ ತುಂಬ ಕೂಗಾಡಿ ಒಂದು ತಿಂಗಳು ಮಾತು ಬಿಟ್ಟಳು. ನವಲಗುಂದದ ಬಸ್ಸಿಗೆ ಹೋಗುವವರು ಅವಳ ಕಣ್ಣಿಗೆ ಬೀಳಬಾರದೆಂದು ಹಿತ್ತಲ ದಾರಿ ಹಿಡಿದು ಸುತ್ತು ಹಾಕುತ್ತಿದ್ದರು. “ಬಸ್ಸು ತಪ್ಪಿಸಿಕೊಂಡು ಬಂದಾರೂ ನನ್ನ ಬೈತಿದ್ರು. ಸುತ್ತು ಹಾಕಿ ಹೋದ್ರ ಬಸ್ಸು ನಿಂದರತೈತೇನ್ರಿ?” ಎಂದು ಈಗ ಹೊಟ್ಟೆ ಹಿಡಿದು ನಗುತ್ತಾಳೆ. ಆಗ ಅತ್ತಿದ್ದನ್ನು ಗಂಡ ಮೆಲ್ಲಗೆ ಹೇಳುತ್ತಾನೆ.

ಹೊಲದವರು ಒಬ್ಬೊಬ್ಬರೇ ಒಪ್ಪಿದರು. ಒಪ್ಪದೆ ಉಳಿದವನು ಶಂಕ್ರಪ್ಪ. “ಹೆಂಗಸರಿಗ್ಯಾಕ ಕಾವಲಿನವನ ಜಾತಕ?” ಎಂದು ಬೇರೆ ಊರಿನಿಂದ ಕೂಲಿಯವರನ್ನು ಕರೆಸಿದ. ಸಾವಂತ್ರೆವ್ವನ ಗುಂಪಿನಲ್ಲೇ ಹತ್ತಿ ಬಿಡಿಸುವ, ಬಳೆಗಾರ ಇಮಾಮುದ್ದೀನನ ಹೆಂಡತಿ ರಜಿಯಾಬಿ ಆ ಹೆಂಗಸರ ಎದುರಿಗೆ ಹೋಗಿ ಹಳ್ಳದ ಜಾಲಿಗಿಡಗಳನ್ನು ತೋರಿಸಿ ನಡೆದದ್ದನ್ನು ಹೇಳಿದಳು. ಅವರು ಬಂದ ಚಕ್ಕಡಿಯಲ್ಲೇ ತಿರುಗಿ ಹೋದರು. ಹತ್ತಿ ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಳ್ಳತೊಡಗಿದಾಗ ಶಂಕ್ರಪ್ಪ ಬಾಯಿಬಿಟ್ಟ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಸಾವಂತ್ರೆವ್ವ ಕೇಳಬೇಕು, ಅವನು ಆಕಾಶ ನೋಡುತ್ತ ಒಲ್ಲದ ಮನಸ್ಸಿನಿಂದ ಉತ್ತರಿಸಬೇಕು. ಅವನು ಒಂದು ವರ್ಷ ಹೇಳದೆ ನುಣುಚಿಕೊಂಡರೂ ಉಳಿದವರೂ ಅದೇ ದಾರಿ ಹಿಡಿಯುತ್ತಾರೆ, ಕಟ್ಟಿದ್ದೆಲ್ಲ ಹಾಳಾಗುತ್ತದೆ. ಸಾವಂತ್ರೆವ್ವನಿಗೆ ಇರುವ ಭಯ ಅದೊಂದೇ.

ಅವನ ಮಾತನ್ನು ಹಾಗೇ ನಂಬುವಷ್ಟು ಪೆದ್ದಿಯೂ ಅವಳಲ್ಲ. ಹೊಸ ಕಾವಲುಗಾರ ಯಾವ ಊರಿನವನೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಇಮಾಮುದ್ದೀನನ ಬಳೆ ಮಲಾರ ಆ ಊರಿಗೆ ಹೊರಡುತ್ತದೆ. “ಬಳಿ ಇಡಿಸಿಕೊಳ್ಳಾಕ ಕುಂತಾಗ ಹೆಣ್ಣಮಕ್ಕಳು ಮನಸಿನಾಗಿನ ಮಾತು ಆಡತಾರ್ರಿ,” ಎನ್ನುತ್ತಾಳೆ ರಜಿಯಾಬಿ. “ಯಾವ ಗಂಡಸಿನ ಕಣ್ಣು ಹೆಂಗೈತಿ ಅಂತ ಅವರಿಗೆ ಗೊತ್ತಿರಲಾರದ್ದು ಮತ್ಯಾರಿಗೆ ಗೊತ್ತಿರತೈತಿ?”

ಇವತ್ತು ಮತ್ತೆ ಶಂಕ್ರಪ್ಪನ ಹೊಲದ ಸರದಿ. ಈ ವರ್ಷ ಅವನು ಕಾವಲಿಗೆ ಹೊಸಬನನ್ನು ಇಟ್ಟಿದ್ದಾನೆ. ಗೌಡ ಊರಲ್ಲಿಲ್ಲ, ಮಧ್ಯಾಹ್ನ ಹೊಲಕ್ಕೇ ಬರುತ್ತಾನೆ ಎಂದು ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ಹೆಂಗಸರು ಬೆಳಗಿನಿಂದ ಪಕ್ಕದವರ ಹೊಲದಲ್ಲಿ ಬಿಡಿಸಿ, ಈಗ ಬದುವಿನ ಬೇವಿನ ನೆರಳಲ್ಲಿ ಸಾಲಾಗಿ ಕುಳಿತು ರೊಟ್ಟಿ ಬಿಚ್ಚಿದ್ದಾರೆ. ಗೌಡರು ಹೇಳದಿದ್ದರೆ ಏನು ಮಾಡುವುದು ಎಂದು ರೇವವ್ವ ಕೇಳುತ್ತಾಳೆ. “ರೊಟ್ಟಿ ಕಟ್ಟಿಕೊಂಡು ಮನಿಗೆ ಹೋಗೂಣು,” ಎಂದು ಸಾವಂತ್ರೆವ್ವ ಉಳ್ಳಾಗಡ್ಡಿ ಜಜ್ಜುತ್ತಾಳೆ. ಕೈ ಮಾತ್ರ ಬೇಕಾದ್ದಕ್ಕಿಂತ ಜೋರಾಗಿಯೇ ಜಜ್ಜುತ್ತಿದೆ.

ಶಂಕ್ರಪ್ಪ ಬರುತ್ತಾನೆ. ವಯಸ್ಸಾಗಿದೆ, ಕೋಲು ಹಿಡಿದಿದ್ದಾನೆ. ಹಿಂದೆ ನಡುವಯಸ್ಸಿನವನೊಬ್ಬ ತಲೆ ತಗ್ಗಿಸಿ ನಿಲ್ಲುತ್ತಾನೆ. ಸಾವಂತ್ರೆವ್ವ ಬಾಯೊಳಗಿನ ತುತ್ತು ನುಂಗಿ ಕೇಳಬೇಕೆನ್ನುವಷ್ಟರಲ್ಲಿ ಗೌಡನೇ ಶುರು ಮಾಡುತ್ತಾನೆ. ಈ ಸಲ ಅವನು ಆಕಾಶ ನೋಡುತ್ತಿಲ್ಲ.

“ಸಾವಂತ್ರೆವ್ವ, ಇಂವಾ ಮುದಕಪ್ಪ. ಗುಡಗೇರಿ ಬಾಜೂಕಿನ ಹಳ್ಳಿಯಾಂವ. ನಿನ್ನೆ ನಾನ ಹೋಗಿ ಅವನ ಓಣ್ಯಾಗ ಕೇಳಿ ಬಂದೀನಿ. ಗಂಡಸರನ್ನ ಕೇಳಿಲ್ಲವ್ವಾ, ಹೆಂಗಸರನ್ನ ಕೇಳೀನಿ. ಇನ್ನ ಹೊಲಕ್ಕ ಇಳಿಯೋದು ಬಿಡೋದು ನಿಮಗ ಬಿಟ್ಟದ್ದು.”

ಸಾವಂತ್ರೆವ್ವ ಗೌಡನನ್ನೂ ಮುದಕಪ್ಪನನ್ನೂ ನೋಡಿ, “ಹೌದೇನ್ರಿ ಗೌಡ್ರ? ಭಾಳ ಚೊಲೋ ಆತು ಬಿಡ್ರಿ,” ಎನ್ನುತ್ತಾಳೆ. ಮುದಕಪ್ಪನ ಕೈಗೂ ಒಂದು ರೊಟ್ಟಿ ಬರುತ್ತದೆ. ಗೌಡ ಅತ್ತ ಹೋದದ್ದೇ ತಡ, ರಜಿಯಾಬಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಾಳೆ. ಇಮಾಮುದ್ದೀನ ಆ ಓಣಿಗೆ ಮೊನ್ನೆಯೇ ಬಳೆ ಇಟ್ಟು ಬಂದಿದ್ದಾನೆ, ಮುದಕಪ್ಪ ನಿರುಪದ್ರವಿ ಎಂಬುದು ಇವರಿಗೆಲ್ಲ ಆಗಲೇ ಗೊತ್ತು.

“ಗೊತ್ತೈತಿ ಅಂತ ಹೆಂಗ ಹೇಳಲಿ?” ಸಾವಂತ್ರೆವ್ವನ ಕಣ್ಣಲ್ಲಿ ನೀರಾಡುತ್ತದೆ, ಮುಖದಲ್ಲಿ ನಗು. “ಇಷ್ಟು ವರ್ಷಕ್ಕ ಇದ ಮೊದಲ ಸಲ ಕೇಳಲಾರದ ಹೇಳ್ಯಾರ. ಹೇಳಲಿ ಪಾಪ.”

ಇನ್ನೇನು ಆಸೆ ಇದೆಯವ್ವಾ ಎಂದರೆ ಅವಳು ಉಡಿ ಬಿಗಿದುಕೊಂಡು ಏಳುತ್ತಾಳೆ. ಹಳ್ಳದ ಕಡೆ ಒಮ್ಮೆ ನೋಡಿ, ಹತ್ತಿಗೆ ಕೈ ಹಾಕುತ್ತಲೇ ಹೇಳುತ್ತಾಳೆ. “ಈ ಕೇಳೋ ಕೆಲಸ ನಾ ಬಿಡಬೇಕ್ರಿ, ಅದ ಆಸೆ. ಹೆಣ್ಣಮಗಳು ತನ್ನ ಪಾಡಿಗೆ ತಾನು ಎದ್ದು ಹೋಗಬೇಕು, ಎಲ್ಲಿಗೆ ಅಂತ ಯಾರೂ ಅನ್ನಬಾರದು. ಮಾದೇವಕ್ಕ ಹಂಗ ಹೋಗಿದ್ಲು. ಹೋದದ್ದು ಆಕಿ ತಪ್ಪಲ್ರಿ. ಹಂಗ ಹೋಗಿ, ಹಂಗ ತಿರುಗಿ ಬರಬೇಕಿತ್ತು.”